ಮತ್ತೆ ಮತ್ತೆ ಕಾಯಿಲೆ ಬೀಳುವ ಮರಿಗಳು

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಕುರಿಯ ಸೀಮೆ. ಮಳೆ ಕಡಿಮೆ, ಕಾವಲು ವಿಶಾಲ. ಇರುಳಲ್ಲಿ ರೊಪ್ಪದ ಹತ್ತಿರ ತೋಳ ಸುಳಿದರೆ ಮೊದಲು ಎದ್ದು ನಿಲ್ಲುವುದು ಹಟ್ಟಿಯ ನಾಯಿ. ಅದಕ್ಕೆ ತಳಿಯ ಹೆಸರಿಲ್ಲ, ವಂಶಾವಳಿಯ ಕಾಗದವಿಲ್ಲ. ಈಗ ಅದರ ಜೊತೆಗೆ ಬೇರೆ ನಾಯಿಗಳೂ ಬಂದಿವೆ. ಹೊಸ ಬಡಾವಣೆಯ ಗೇಟಿನೊಳಗೆ ಲ್ಯಾಬ್ರಡಾರ್, ತೋಟದ ಮನೆಯಲ್ಲಿ ಜರ್ಮನ್ ಶೆಫರ್ಡ್, ಗೋದಾಮಿನ ಕಾವಲಿಗೆ ರಾಟ್‌ವೀಲರ್ ಅಥವಾ ಡಾಬರ್‌ಮನ್, ಅಪರೂಪಕ್ಕೆ ಒಂದು ಗ್ರೇಟ್ ಡೇನ್. ಬೇಟೆನಾಯಿಯ ಮೇಲೆ ಆಸೆಯಿರುವವರು ಬಾಗಲಕೋಟೆ ಕಡೆಯಿಂದ ಮುಧೋಳ ಮರಿ ತರಿಸುತ್ತಾರೆ. ಬಹುಪಾಲು ಮರಿಗಳು ಬೆಂಗಳೂರು, ದಾವಣಗೆರೆ, ಬಳ್ಳಾರಿಯ ಮಾರಾಟಗಾರರಿಂದ ಬಂದವು. ತಾಯಿ ಯಾವುದು, ತಂದೆ ಯಾವುದು ಎಂದು ಕೊಂಡವರು ಕೇಳಿರುವುದಿಲ್ಲ.

ಹೀಗೆ ಬಂದ ಮರಿಗಳಲ್ಲಿ ಕೆಲವು ಸುಧಾರಿಸುವುದೇ ಇಲ್ಲ. ಭೇದಿ ನಿಂತಿತು ಎನ್ನುವಷ್ಟರಲ್ಲಿ ಜ್ವರ, ಜ್ವರ ಇಳಿಯುವಷ್ಟರಲ್ಲಿ ಮೈಮೇಲೆ ಕೀವುಗುಳ್ಳೆ. ಇಂಜೆಕ್ಷನ್ ಕೊಟ್ಟಾಗ ಏಳುತ್ತದೆ, ನಿಲ್ಲಿಸಿದ ವಾರಕ್ಕೆ ಮತ್ತೆ ಮಲಗುತ್ತದೆ. ಕೊನೆಗೆ ಸತ್ತರೆ ‘ಪಾರ್ವೊ ಆಯ್ತು’ ಅನ್ನುತ್ತಾರೆ, ಇಲ್ಲವೇ ‘ಮರಿ ಗಟ್ಟಿ ಇರಲಿಲ್ಲ’ ಅನ್ನುತ್ತಾರೆ. ಹೆಚ್ಚಿನ ಸಲ ಮೊದಲ ಮಾತೇ ನಿಜ, ಪಾರ್ವೊ ವೈರಾಣುವಿನ ಭೇದಿಯೇ ಕೊಂದಿರುತ್ತದೆ. ಆದರೆ ಅದೇ ತಾಯಿಯ ಇನ್ನೊಂದು ಮರಿ ಹಿರಿಯೂರಿನಲ್ಲೋ ರಾಯದುರ್ಗದಲ್ಲೋ ಇದೇ ರೀತಿ ನರಳುತ್ತಿದ್ದರೆ? ಅದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ವರ್ಷ ಅದೇ ಜೋಡಿ ಮತ್ತೆ ಮರಿ ಹಾಕುತ್ತದೆ. ಹುಟ್ಟಿನಿಂದ ಬಂದ ರೋಗನಿರೋಧಕ ದೋಷಗಳಲ್ಲಿ ಅನೇಕಕ್ಕೆ ಮರಿಯ ಮೈಯಲ್ಲಿ ಮಾಡಬಹುದಾದ ಮದ್ದು ಸ್ವಲ್ಪ. ದೊಡ್ಡ ಮದ್ದು ಜೋಡಿ ಮಾಡಿಸುವವರ ಕೈಯಲ್ಲಿದೆ. ಆ ಕೈಗೆ ಸುದ್ದಿ ಮುಟ್ಟಬೇಕಾದರೆ ಮೊದಲು ಕಾಯಿಲೆಯನ್ನು ಗುರುತಿಸಬೇಕು. ಅದು ತಾಲ್ಲೂಕು ಮಟ್ಟದಲ್ಲಿ ಸಾಧ್ಯವಿದೆ ಎಂಬುದೇ ಈ ಲೇಖನದ ವಾದ.

ಮೊದಲು ಸಹಜವಾದದ್ದನ್ನು ತಿಳಿಯಬೇಕು. ನಾಯಿಯ ಗರ್ಭದಲ್ಲಿ ತಾಯಿಯಿಂದ ಮರಿಗೆ ದಾಟುವ ಪ್ರತಿಕಾಯಗಳು ಬಹಳ ಕಡಿಮೆ. ಉಳಿದದ್ದೆಲ್ಲ ಗಿಣ್ಣುಹಾಲಿನಿಂದ ಬರಬೇಕು, ಅದೂ ಹುಟ್ಟಿದ ಮೊದಲ 24 ಗಂಟೆಯೊಳಗೆ. ಆಮೇಲೆ ಕರುಳಿನ ಬಾಗಿಲು ಮುಚ್ಚುತ್ತದೆ. ದೊಡ್ಡ ತಳಿಯ ತಾಯಿ ಹತ್ತು ಹನ್ನೆರಡು ಮರಿ ಹಾಕುವುದು ಸಾಮಾನ್ಯ, ಮೊಲೆಗೆ ನುಗ್ಗಲಾರದ ಮರಿ ಗಿಣ್ಣು ಕಳೆದುಕೊಳ್ಳುತ್ತದೆ. ಅಂಥ ಮರಿಯ ನಿಶ್ಶಕ್ತಿ ವಂಶದ್ದಲ್ಲ, ಹಸಿವಿನದು. ತಾಯಿಯಿಂದ ಬಂದ ರಕ್ಷಣೆ ಎಂಟರಿಂದ ಹದಿನಾರು ವಾರದ ನಡುವೆ ಕರಗುತ್ತಾ ಹೋಗುತ್ತದೆ. ಅದು ಇರುವಷ್ಟು ದಿನ ಲಸಿಕೆಯನ್ನು ತಡೆಯುತ್ತದೆ, ಹೋದ ಮೇಲೆ ಮರಿ ಬಯಲಿಗೆ ಬೀಳುತ್ತದೆ. ಇದಕ್ಕಾಗಿಯೇ ಜಗತ್ತಿನ ಸಣ್ಣಪ್ರಾಣಿ ವೈದ್ಯರ ಸಂಘದ ಮಾರ್ಗಸೂಚಿ, 6ರಿಂದ 8ನೇ ವಾರಕ್ಕೆ ಶುರುಮಾಡಿ 2ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಲಸಿಕೆ ಹಾಕಿ ಎನ್ನುತ್ತದೆ. ನಮ್ಮಲ್ಲಿ ಎರಡು ಸೂಜಿ ಹಾಕಿಸಿ ‘ಆಯ್ತು’ ಅಂದುಕೊಂಡ ಮನೆಗಳೇ ಹೆಚ್ಚು. ಎರಡನೆಯದು ಹತ್ತನೇ ವಾರಕ್ಕೆ ಮುಗಿದಿದ್ದರೆ ಅದು ಹಿಡಿದೇ ಇಲ್ಲದಿರಬಹುದು. ಇಂಥ ಮರಿಗೆ ಪಾರ್ವೊ ಬಂದರೆ ದೋಷ ಅದರ ರಕ್ತದಲ್ಲಿಲ್ಲ, ಲೆಕ್ಕದಲ್ಲಿದೆ.

ಆದರೂ ಪಾರ್ವೊ ಎಲ್ಲ ತಳಿಗೂ ಒಂದೇ ರೀತಿ ಬರುವುದಿಲ್ಲ. 1978ರಲ್ಲಿ ಈ ವೈರಾಣು ಜಗತ್ತಿನಲ್ಲಿ ಕಾಣಿಸಿಕೊಂಡ ಕೆಲವೇ ವರ್ಷಗಳಲ್ಲಿ, ರಾಟ್‌ವೀಲರ್ ಮತ್ತು ಡಾಬರ್‌ಮನ್ ಮರಿಗಳಿಗೆ ಇದು ಹೆಚ್ಚು ತಗಲುತ್ತದೆ ಎಂಬುದು ಆಸ್ಪತ್ರೆಗಳ ದಾಖಲೆಯಿಂದ ಹೊರಬಂತು. ರಾಟ್‌ವೀಲರ್‌ಗಳಲ್ಲಿ ಲಸಿಕೆ ಹಾಕಿದರೂ ಪ್ರತಿಕಾಯ ಏಳದ ಮರಿಗಳು ಉಳಿದ ತಳಿಗಳಿಗಿಂತ ಹೆಚ್ಚು. ಈ ತಳಿಯನ್ನು ಸಾಕುವವರು 16 ವಾರದ ಡೋಸನ್ನು ಯಾವ ಕಾರಣಕ್ಕೂ ತಪ್ಪಿಸಬಾರದು, ಆರು ತಿಂಗಳಿಗೆ ಮತ್ತೊಂದು ಹಾಕಿಸಬೇಕು.

ವಂಶದೋಷದಂತೆ ಕಾಣಿಸುವ ಎರಡನೇ ವೇಷಧಾರಿ, ರಕ್ತ ಹೀರುವ ಉಣ್ಣೆ. ನಾಯಿಯ ಉಣ್ಣೆಜ್ವರ ತರುವ ಎರ್ಲಿಕಿಯಾ ಎಂಬ ಸೂಕ್ಷ್ಮಾಣು ಬಿಳಿರಕ್ತಕಣದೊಳಗೇ ಮನೆ ಮಾಡುತ್ತದೆ. ಅದನ್ನು ಹರಡುವುದು ಕಂದು ಬಣ್ಣದ ನಾಯಿ ಉಣ್ಣೆ, ಗೋಡೆಯ ಬಿರುಕಿನಲ್ಲಿ, ಗೂಡಿನ ಸಂದಿಯಲ್ಲಿ ವರ್ಷಪೂರ್ತಿ ಬದುಕುವಂಥದ್ದು. ಒಣಬಿಸಿಲಿನ ನಮ್ಮ ಸೀಮೆ ಅದಕ್ಕೆ ಒಗ್ಗಿದ ಜಾಗ. ಜರ್ಮನ್ ಶೆಫರ್ಡ್ ಮತ್ತು ಈ ಜ್ವರದ ಸಂಬಂಧ ಓದಬೇಕಾದ ಕಥೆ. 1960ರ ದಶಕದ ಕೊನೆಯಲ್ಲಿ ವಿಯೆಟ್ನಾಂನಲ್ಲಿದ್ದ ಅಮೆರಿಕ ಸೇನೆಯ ನಾಯಿಗಳು, ಹೆಚ್ಚಾಗಿ ಜರ್ಮನ್ ಶೆಫರ್ಡ್‌ಗಳು, ಮೂಗಿನಿಂದ ರಕ್ತ ಸುರಿಸುತ್ತಾ ಸತ್ತವು. ಸಂಖ್ಯೆ 200 ದಾಟಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಇದೇ ಎರ್ಲಿಕಿಯಾ. ಮುಂದೆ ಬೀಗಲ್ ನಾಯಿಗಳ ಜೊತೆ ಹೋಲಿಸಿ ನೋಡಿದವರಿಗೆ, ಜರ್ಮನ್ ಶೆಫರ್ಡ್‌ನ ಜೀವಕೋಶಮಟ್ಟದ ಪ್ರತಿರೋಧ ಈ ಸೋಂಕಿನ ಎದುರು ದುರ್ಬಲ ಎಂದು ಕಂಡಿತು. ಅಂದರೆ ಸೋಂಕು ಹೊರಗಿನದು, ಸೋಲು ಅರ್ಧ ವಂಶದ್ದು. ಹೀಗೆ ಎರಡೂ ಕೂಡಿಕೊಂಡಿರುವ ಕಡೆ ಒಂದನ್ನೇ ಹಿಡಿದು ವಾದಿಸುವುದರಲ್ಲಿ ಅರ್ಥವಿಲ್ಲ. ಮರಿ ಸೋತಿದೆ ಎಂದಾಗ ಮೊದಲು ರಕ್ತಲೇಪನ, ಪ್ಲೇಟ್‌ಲೆಟ್ ಎಣಿಕೆ ನೋಡಬೇಕು; ಉಣ್ಣೆಜ್ವರವಾದರೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಪೂರ್ತಿ ಕೊಡಬೇಕು. ಮೂರು ದಿನಕ್ಕೆ ಎದ್ದು ಓಡಾಡಿತು ಎಂದು ಮಾತ್ರೆ ನಿಲ್ಲಿಸಿದವರ ನಾಯಿಯೇ ಮತ್ತೆ ಬೀಳುವುದು.

ಜಂತು, ಉಣ್ಣೆ, ಲಸಿಕೆ, ಆಹಾರ ಎಲ್ಲ ಸರಿಯಿದ್ದೂ ಮರಿ ಏಳುತ್ತಿಲ್ಲವೆಂದರೆ ಆಗ ವಂಶದ ಕಡೆ ನೋಡಬೇಕು.

ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ್ದು ಐರಿಶ್ ಸೆಟರ್ ಎಂಬ ಕೆಂಪುಗೂದಲಿನ ಬೇಟೆನಾಯಿ. 1975ರಲ್ಲಿ ಅಮೆರಿಕದಲ್ಲಿ ಅಂಥದೊಂದು ಮರಿಯನ್ನು ವರ್ಣಿಸಿದರು. ಹೊಕ್ಕುಳ ಸೋಂಕು, ಒಸಡಿನ ಊತ, ವಾಸಿಯಾಗದ ಗಾಯ, ತಿರುತಿರುಗಿ ಜ್ವರ. ವಿಚಿತ್ರವೆಂದರೆ ರಕ್ತದಲ್ಲಿ ಬಿಳಿಕಣಗಳು ಕಡಿಮೆಯಿರಲಿಲ್ಲ, ವಿಪರೀತ ಹೆಚ್ಚಿದ್ದವು. ಆರೋಗ್ಯವಂತ ನಾಯಿಯಲ್ಲಿ ಪ್ರತಿ ಮೈಕ್ರೊಲೀಟರ್ ರಕ್ತಕ್ಕೆ ಸುಮಾರು 6,000ದಿಂದ 17,000 ಇರುವ ಬಿಳಿಕಣ ಈ ಮರಿಗಳಲ್ಲಿ ಲಕ್ಷ ದಾಟುವುದೂ ಉಂಟು. ಆದರೆ ಗಾಯದಲ್ಲಿ ಕೀವಿಲ್ಲ. ಬಿಳಿಕಣ ರಕ್ತನಾಳದ ಗೋಡೆಗೆ ಅಂಟಿ ಹೊರಗೆ ಬಂದರೆ ತಾನೇ ಕೀವು? ಆ ಅಂಟಿಗೆ ಬೇಕಾದ ಪ್ರೋಟೀನೇ ಈ ಮರಿಗಳಲ್ಲಿ ಇಲ್ಲ. ಕಣಗಳು ಬೀದಿಯಲ್ಲಿ ಸುತ್ತುತ್ತವೆ, ಉರಿಯುವ ಮನೆಯೊಳಕ್ಕೆ ಹೋಗಲಾರವು. 1999ರಲ್ಲಿ ಸ್ವೀಡನ್ನಿನ ಸಂಶೋಧಕರು ಸಿಡಿ18 ಎಂಬ ವಂಶವಾಹಿಯ ಒಂದೇ ಅಕ್ಷರದ ಬದಲಾವಣೆಯೇ ಕಾರಣವೆಂದು ತೋರಿಸಿದರು. ಆಮೇಲೆ ಡಿಎನ್‌ಎ ಪರೀಕ್ಷೆ ಬಂತು, ಯೂರೋಪಿನ ತಳಿಸಂಘಗಳು ಮರಿ ಹಾಕಿಸುವ ಮೊದಲೇ ಪರೀಕ್ಷೆ ಮಾಡಿಸುವ ರೂಢಿ ತಂದವು, ಕಾಯಿಲೆಯ ಮರಿ ಹುಟ್ಟುವುದೇ ಅಪರೂಪವಾಯಿತು. ಇದೇ ದೋಷ ಮನುಷ್ಯರ ಮಕ್ಕಳಲ್ಲೂ ಇದೆ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಫೋಮಿ ವೈರಸ್ ಎಂಬ ನಿರುಪದ್ರವಿ ವೈರಾಣುವಿನ ಮೂಲಕ ಸರಿಯಾದ ವಂಶವಾಹಿಯನ್ನು ಇಂಥ ನಾಯಿಮರಿಗಳ ಅಸ್ಥಿಮಜ್ಜೆಯ ಕೋಶಗಳಿಗೆ ಸೇರಿಸಿ ಅವನ್ನು ಉಳಿಸಿದರು. ಮಕ್ಕಳಿಗಾಗಿ ನಡೆದ ಚಿಕಿತ್ಸಾಪ್ರಯತ್ನಗಳಿಗೆ ಆ ಮರಿಗಳು ದಾರಿ ತೋರಿದವು. ನಾಯಿಗೂ ನಮಗೂ ಇರುವ ಋಣ ರೊಪ್ಪದ ಕಾವಲಿಗೆ ಮುಗಿಯುವಂಥದ್ದಲ್ಲ.

ಐರಿಶ್ ಸೆಟರ್‌ನ ಈ ದೋಷಕ್ಕೆ ಬಂಧುವಾದ ಇನ್ನೊಂದು ದೋಷ ಜರ್ಮನ್ ಶೆಫರ್ಡ್‌ನಲ್ಲಿ ಪತ್ತೆಯಾಗಿದೆ. ಅದರಲ್ಲಿ ಸೋಂಕಿನ ಜೊತೆಗೆ ರಕ್ತಸ್ರಾವವೂ ಇರುತ್ತದೆ. ಕಾಲಿ ಎಂಬ ತಳಿಯ ಬೂದುಬಣ್ಣದ ಮರಿಗಳಲ್ಲಿ ಬಿಳಿಕಣಗಳ ಒಂದು ಬಗೆ ಸುಮಾರು ಹನ್ನೆರಡು ದಿನಕ್ಕೊಮ್ಮೆ ತಳಕ್ಕಿಳಿಯುತ್ತದೆ, ಆ ಎರಡು ಮೂರು ದಿನ ಮರಿಗೆ ಜ್ವರ. ವೈಮರಾನರ್ ತಳಿಯಲ್ಲಿ ಪ್ರತಿಕಾಯಗಳ ಪ್ರಮಾಣವೇ ಕಡಿಮೆಯಿರುವ ಕುಟುಂಬಗಳಿವೆ. ಇವು ನಮ್ಮ ತಾಲ್ಲೂಕುಗಳಲ್ಲಿ ದಿನವೂ ಎದುರಾಗುವಂಥವಲ್ಲ. ದಿನವೂ ಎದುರಾಗುವುದು ಬೇರೆ, ಅದರ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಅದು ಡೆಮೊಡೆಕ್ಸ್ ಕಜ್ಜಿ. ಈ ನುಸಿ ಎಲ್ಲ ನಾಯಿಗಳ ಕೂದಲಬುಡದಲ್ಲೂ ಇರುತ್ತದೆ. ಹುಟ್ಟಿದ ಎರಡು ಮೂರು ದಿನದಲ್ಲಿ ಹಾಲು ಕುಡಿಯುವಾಗ ತಾಯಿಯ ಮೈಯಿಂದ ಮರಿಗೆ ಬರುತ್ತದೆ. ಆರೋಗ್ಯವಂತ ಮರಿ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಕಣ್ಣ ಸುತ್ತ, ಮುಂಗಾಲಿನ ಮೇಲೆ ಒಂದೆರಡು ಕಡೆ ಕೂದಲುದುರಿದರೆ ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಕೆಲವು ಮರಿಗಳಲ್ಲಿ, ಮೂರು ತಿಂಗಳಿಂದ ಒಂದೂವರೆ ವರ್ಷದೊಳಗೆ, ಮೈತುಂಬ ಹರಡಿ, ಚರ್ಮ ದಪ್ಪಗಾಗಿ, ಕೀವು ತುಂಬಿ, ವಾಸನೆ ಹೊಡೆಯುತ್ತದೆ. ಆ ನುಸಿಯೊಂದನ್ನೇ ತಡೆಯಲಾರದ ಪ್ರತಿರೋಧದ ದೋಷ ತಾಯ್ತಂದೆಯಿಂದ ಬಂದದ್ದು. ಜರ್ಮನ್ ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್ ಮುಂತಾದ ತಳಿಗಳಲ್ಲಿ ಇದನ್ನು ಮೊದಲಿನಿಂದ ಗುರುತಿಸಿದ್ದಾರೆ. ಇದು ಮನುಷ್ಯರಿಗೆ ಅಂಟುವುದಿಲ್ಲ. ಅಂಟುವುದು ಇನ್ನೊಂದು ಬಗೆಯ ಕಜ್ಜಿ, ಅದಕ್ಕೆ ತುರಿಕೆ ವಿಪರೀತ. ಎರಡಕ್ಕೂ ಒಂದೇ ಹೆಸರಿಟ್ಟು ಎರಡಕ್ಕೂ ಗಾಡಿಯ ಸುಟ್ಟ ಆಯಿಲ್ ಬಳಿಯುವವರಿದ್ದಾರೆ. ದಯವಿಟ್ಟು ಬಳಿಯಬೇಡಿ. ನಾಯಿ ಅದನ್ನು ನೆಕ್ಕುತ್ತದೆ, ಚರ್ಮವೂ ಹೀರುತ್ತದೆ, ಅದು ನುಸಿಗಿಂತ ಮೊದಲು ಮರಿಯನ್ನು ತೆಗೆಯುತ್ತದೆ.

ಪರೀಕ್ಷೆ ಸುಲಭ. ಚರ್ಮವನ್ನು ಹಿಂಡಿ, ಬ್ಲೇಡಿನ ಹಿಂಬದಿಯಿಂದ ರಕ್ತ ಜಿನುಗುವಷ್ಟು ಕೆರೆದು, ಒಂದು ಹನಿ ಎಣ್ಣೆಯಲ್ಲಿ ಗಾಜಿನ ಮೇಲಿಟ್ಟು ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಸಿಗಾರಿನಾಕಾರದ ನುಸಿ ಕಾಣುತ್ತದೆ. ಇಷ್ಟನ್ನು ಮಾಡದೆ ಸ್ಟೆರಾಯ್ಡ್ ಕೊಟ್ಟರೆ ಅನಾಹುತ. ಏಕೆಂದರೆ ಸ್ಟೆರಾಯ್ಡ್ ಇರುವ ಅಲ್ಪ ಪ್ರತಿರೋಧವನ್ನೂ ಮಲಗಿಸುತ್ತದೆ. ಇದರ ಪಕ್ಕದಲ್ಲೇ ಇನ್ನೊಂದು ಕಾಯಿಲೆಯನ್ನು ಇಟ್ಟು ನೋಡಬೇಕು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮರಿಗಳಿಗೆ ಮೂರು ವಾರದಿಂದ ನಾಲ್ಕು ತಿಂಗಳೊಳಗೆ ಮುಖ ಊದಿ, ತುಟಿ ರೆಪ್ಪೆಗಳಲ್ಲಿ ಕೀವುಗುಳ್ಳೆಯೆದ್ದು, ಗಂಟಲ ಗಂಟುಗಳು ನಿಂಬೆಕಾಯಿಯಷ್ಟಾಗುವ ಒಂದು ಉರಿಯೂತ ಬರುತ್ತದೆ. ನೋಡಿದರೆ ಸೋಂಕೇ ಅನ್ನಿಸುತ್ತದೆ, ಆದರೆ ಮೂಲದಲ್ಲಿ ಅದು ಸೋಂಕಲ್ಲ, ಮರಿಯ ಪ್ರತಿರೋಧವೇ ಹದ್ದುಮೀರಿ ವರ್ತಿಸುವುದು. ಅದಕ್ಕೆ ಆ್ಯಂಟಿಬಯಾಟಿಕ್ ಒಂದೇ ಸಾಲದು, ಸ್ಟೆರಾಯ್ಡೇ ಬೇಕು; ತಡಮಾಡಿದರೆ ಮುಖದಲ್ಲಿ ಕಲೆ ಉಳಿಯುತ್ತದೆ, ಜೀವವೂ ಹೋಗಬಹುದು. ಎರಡೂ ಮುಖದ ಮೇಲೆಯೇ ಶುರುವಾಗುತ್ತವೆ. ಒಂದಕ್ಕೆ ಸ್ಟೆರಾಯ್ಡ್ ವಿಷ, ಇನ್ನೊಂದಕ್ಕೆ ಪ್ರಾಣ. ಕೆರೆದು ನೋಡುವ ಐದು ನಿಮಿಷದ ಬೆಲೆ ಇಷ್ಟು.

ಡೆಮೊಡೆಕ್ಸ್ ಮದ್ದಿನ ವಿಷಯದಲ್ಲಿ ಕುರಿಸೀಮೆಗೆ ವಿಶೇಷವಾಗಿ ಹೇಳಬೇಕಾದ ಮಾತಿದೆ. ಕುರಿಗೆ ಹಾಕುವ ಐವರ್‌ಮೆಕ್ಟಿನ್ ಬಾಟಲಿ ಇಲ್ಲಿ ಅನೇಕ ಮನೆಗಳಲ್ಲಿರುತ್ತದೆ. ಅದೇ ಔಷಧ ನಾಯಿಯ ಕಜ್ಜಿಗೂ ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಕಾಲಿ ಮತ್ತು ಅದರ ಬಳಗದ ತಳಿಗಳಲ್ಲಿ, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲೂ, ಮಿದುಳಿಗೆ ಔಷಧ ನುಗ್ಗದಂತೆ ತಡೆಯುವ ವಂಶವಾಹಿ ಕೆಟ್ಟಿರುತ್ತದೆ. ಅಮೆರಿಕದ ಸಂಶೋಧಕರು ಇದನ್ನು ಪತ್ತೆಮಾಡಿದ್ದು 2001ರಲ್ಲಿ. ಅಂಥ ನಾಯಿಗೆ ಕಜ್ಜಿಯ ಪ್ರಮಾಣದಲ್ಲಿ ಐವರ್‌ಮೆಕ್ಟಿನ್ ಕೊಟ್ಟರೆ ತೂರಾಡಿ, ಕಣ್ಣು ಕಾಣದಾಗಿ, ಪ್ರಜ್ಞೆ ತಪ್ಪಿ ಸಾಯಬಹುದು. ಅಂದಾಜಿನ ಮೇಲೆ ಸೂಜಿ ಹಾಕಬಾರದು. ಈಗ ಫ್ಲುರಲಾನರ್, ಅಫಾಕ್ಸೊಲಾನರ್ ಗುಂಪಿನ ಮಾತ್ರೆಗಳು ಬಂದಿವೆ. ಉಣ್ಣೆಗೆಂದು ತಯಾರಾದವು, ಡೆಮೊಡೆಕ್ಸನ್ನೂ ಕೊಲ್ಲುತ್ತವೆ. ಫಿಟ್ಸ್ ಬರುವ ನಾಯಿಗೆ ಮಾತ್ರ ಎಚ್ಚರ ಬೇಕು. ಬೆಲೆ ಹೆಚ್ಚು, ಆದರೆ ನಮ್ಮ ಊರಿನ ಎರಡು ಶತ್ರುಗಳಿಗೆ ಒಂದೇ ಮಾತ್ರೆ. ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು ನೋಡಿ ನುಸಿಯಿಲ್ಲವೆಂದು ಖಚಿತವಾದ ಮೇಲಷ್ಟೇ ಚಿಕಿತ್ಸೆ ಮುಗಿಯುತ್ತದೆ. ವಾಸಿಯಾದ ನಾಯಿ ಚೆನ್ನಾಗಿ ಬಾಳುತ್ತದೆ, ಆದರೆ ಅದಕ್ಕೆ ಸಂತಾನಹರಣ ಮಾಡಿಸಲೇಬೇಕು. ವಾಸಿಯಾದದ್ದು ಚರ್ಮ, ವಂಶವಲ್ಲ.

ಇನ್ನೆರಡು ಸ್ಥಿತಿಗಳನ್ನು ಹೇಳದೆ ಮುಂದೆ ಹೋಗಲಾರೆ, ಎರಡರಲ್ಲೂ ತಪ್ಪು ಚಿಕಿತ್ಸೆ ಸುಲಭ. ಗ್ರೇಟ್ ಡೇನ್, ವೈಮರಾನರ್‌ನಂಥ ಎತ್ತರದ ಮರಿ ಮೂರು ನಾಲ್ಕು ತಿಂಗಳಲ್ಲಿ ಜ್ವರ ಬಂದು, ಮುಂಗಾಲಿನ ಮಣಿಕಟ್ಟಿನ ಮೇಲೆ ಬಿಸಿಯಾಗಿ ಊದಿ, ಮುಟ್ಟಿದರೆ ಚೀರುತ್ತದೆ. ಮನೆಯವರು ಕ್ಯಾಲ್ಸಿಯಂ ಕಮ್ಮಿ ಎಂದು ಟಾನಿಕ್ ಸುರಿಯುತ್ತಾರೆ. ಇದು ಮೂಳೆಯ ಬೆಳವಣಿಗೆಯ ಜಾಗದ ಉರಿಯೂತ, ವೈಮರಾನರ್‌ನಲ್ಲಿ ವಂಶಪಾರಂಪರ್ಯ. ನೋವುನಿವಾರಕ, ಕೆಲವಕ್ಕೆ ಸ್ಟೆರಾಯ್ಡ್, ಇವೇ ಚಿಕಿತ್ಸೆ. ಒಳ್ಳೆಯ ಆಹಾರ ತಿನ್ನುವ ದೊಡ್ಡ ತಳಿಯ ಮರಿಗೆ ಹೆಚ್ಚುವರಿ ಕ್ಯಾಲ್ಸಿಯಂ ಮೂಳೆಯನ್ನು ಕೆಡಿಸುತ್ತದೆ ಎಂಬುದನ್ನು ಗ್ರೇಟ್ ಡೇನ್ ಮರಿಗಳ ಮೇಲೆಯೇ ತೋರಿಸಿಯಾಗಿದೆ. ಎರಡನೆಯದು ಜರ್ಮನ್ ಶೆಫರ್ಡ್‌ನ ಹೊಟ್ಟೆ. ಈ ತಳಿಯಲ್ಲಿ ಕರುಳನ್ನು ಕಾಯುವ ಐಜಿಎ ಪ್ರತಿಕಾಯ ಕಡಿಮೆಯಿರುವುದುಂಟು. ಜೊತೆಗೆ ಮರಿತನ ದಾಟುತ್ತಿದ್ದಂತೆ ಕೆಲವಕ್ಕೆ ತನ್ನದೇ ಪ್ರತಿರೋಧಶಕ್ತಿ ಮೇದೋಜೀರಕ ಗ್ರಂಥಿಯನ್ನು ತಿಂದುಹಾಕುತ್ತದೆ. ನಾಯಿ ಹೊಟ್ಟೆಬಾಕನಂತೆ ತಿನ್ನುತ್ತದೆ, ಎಲುಬು ಕಾಣುವಷ್ಟು ಬಡವಾಗುತ್ತದೆ, ರಾಶಿರಾಶಿ ಜಿಡ್ಡಿನ ಮಲ ಹಾಕುತ್ತದೆ. ಇದಕ್ಕೆ ಜೀವನಪರ್ಯಂತ ಕಿಣ್ವದ ಪುಡಿ ಬೇಕು. ಪುಡಿಯ ಖರ್ಚು ತಡೆಯದವರಿಗೆ ಕುರಿಯ ಹಸಿ ಮೇದೋಜೀರಕವೇ ಬದಲಿಯಾಗಬಲ್ಲದು, ಅದು ನಮ್ಮ ಕಸಾಯಿ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಕುರಿಯ ಹಸಿ ಒಳಾಂಗದಿಂದ ನಾಯಿಗೆ ಲಾಡಿಹುಳ, ನಾಯಿಯಿಂದ ಮನೆಯವರಿಗೆ ನೀರುಗಡ್ಡೆ ಬರುವ ಅಪಾಯವಿದೆ. ಆದ್ದರಿಂದ ಚೆನ್ನಾಗಿ ಫ್ರೀಜ್ ಮಾಡಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ.

ತಾಲ್ಲೂಕು ಆಸ್ಪತ್ರೆಯಲ್ಲಿ ಕುಳಿತ ಪಶುವೈದ್ಯರಿಗೆ ಅನುಮಾನ ಬರಬೇಕಾದದ್ದು ಯಾವಾಗ? ಸರಿಯಾದ ಔಷಧಕ್ಕೂ ಸೋಂಕು ಬಗ್ಗದಿದ್ದಾಗ, ನಿಲ್ಲಿಸಿದೊಡನೆ ಮರುಕಳಿಸಿದಾಗ, ಒಂದೇ ಸೂಲಿನ ಮರಿಗಳಲ್ಲಿ ಇದೊಂದು ಕುಳ್ಳಗೆ ಉಳಿದಾಗ. ಕಾಯಿಲೆ ಶುರುವಾದ ವಯಸ್ಸೂ ಸುಳಿವು ಕೊಡುತ್ತದೆ. ಬಿಳಿಕಣದ ದೋಷ ಮೊದಲ ವಾರಗಳಲ್ಲೇ ಹೊಕ್ಕುಳು, ಒಸಡಿನಲ್ಲಿ ತೋರುತ್ತದೆ; ಪ್ರತಿಕಾಯದ ದೋಷ ತಾಯಿಯ ರಕ್ಷಣೆ ಕರಗಿದ ಎರಡು ಮೂರು ತಿಂಗಳ ಮೇಲೆ. ವಾರಕ್ಕೊಮ್ಮೆ ತೂಕ, ಪೂರ್ಣ ರಕ್ತಪರೀಕ್ಷೆ, ಕಣ್ಣಿನಿಂದ ನೋಡಿದ ರಕ್ತಲೇಪನ, ಒಟ್ಟು ಪ್ರೋಟೀನಿನಲ್ಲಿ ಅಲ್ಬುಮಿನ್ ಕಳೆದು ಉಳಿಯುವ ಗ್ಲಾಬ್ಯುಲಿನ್, ಇವು ಚಳ್ಳಕೆರೆಯಲ್ಲೂ ಸಿಗುವ ಪರೀಕ್ಷೆಗಳು. ಗ್ಲಾಬ್ಯುಲಿನ್ ತೀರಾ ಕೆಳಗಿದ್ದರೆ, ಅಥವಾ ಬಿಳಿಕಣ ಹುಚ್ಚು ಎತ್ತರದಲ್ಲಿದ್ದೂ ಕೀವಿಲ್ಲದಿದ್ದರೆ ಶಿವಮೊಗ್ಗದ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಬೇಕು. ನಾಯಿ ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿಸುವುದು ಮನೆಯವರಿಗೆ ಕಷ್ಟದ ಮಾತು. ಆದರೂ ಅದರ ಒಡಹುಟ್ಟುಗಳ ಸಲುವಾಗಿ ಕೇಳಿಕೊಳ್ಳಬೇಕು.

ಅನುಮಾನವಿರುವ ಮರಿಗೆ ಜೀವಂತ ವೈರಾಣುವಿನ ಲಸಿಕೆ ಹಾಕುವ ಮೊದಲು ಯೋಚಿಸಬೇಕು. ಹುಟ್ಟಿನಿಂದಲೇ ಪ್ರತಿರೋಧವಿಲ್ಲದ ಬ್ಯಾಸೆಟ್ ಹೌಂಡ್ ಮರಿಗಳಿಗೆ ಡಿಸ್ಟೆಂಪರ್ ಎಂಬ ವೈರಾಣು ರೋಗದ ಲಸಿಕೆಯಿಂದಲೇ ಆ ರೋಗ ಬಂದದ್ದುಂಟು. ರೇಬೀಸ್ ಲಸಿಕೆಗೆ ಈ ಭಯವಿಲ್ಲ, ಅದು ಸತ್ತ ವೈರಾಣುವಿನದು. ಅದನ್ನು ಯಾವ ನೆಪಕ್ಕೂ ಬಿಡುವಂತಿಲ್ಲ. ಉಳಿದಂತೆ ಕೀವನ್ನು ಕಲ್ಚರ್ ಮಾಡಿಸಿ ಆರಿಸಿದ ಆ್ಯಂಟಿಬಯಾಟಿಕ್, ಸ್ವಚ್ಛ ಜಾಗ, ಬೇರೆ ನಾಯಿಗಳಿಂದ ದೂರ, ಕೆಲವು ಸಲ ಪ್ಲಾಸ್ಮಾ. ‘ಇಮ್ಯೂನಿಟಿ ಬೂಸ್ಟರ್’ ಎಂದು ಮಾರುವ ಸಿರಪ್ಪುಗಳು ಇಲ್ಲದ ವಂಶವಾಹಿಯನ್ನು ತಂದುಕೊಡಲಾರವು. ಅಸ್ಥಿಮಜ್ಜೆ ಕಸಿ, ವಂಶವಾಹಿ ಚಿಕಿತ್ಸೆ ನಾಯಿಗಳ ಮಟ್ಟಿಗೆ ಇನ್ನೂ ಪ್ರಯೋಗಶಾಲೆಯ ಮಾತು. ತೀವ್ರ ದೋಷದ ಮರಿ ನರಳುತ್ತಲೇ ಇದ್ದರೆ ನೋವಿಲ್ಲದ ಸಾವು ಕೊಡಿಸುವುದು ಕರುಣೆಯೇ.

ಇನ್ನು ಜೋಡಿಯ ಮಾತು. ಈ ದೋಷಗಳಲ್ಲಿ ಹೆಚ್ಚಿನವು ತಾಯಿ ತಂದೆ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸುವಂಥವು. ದೋಷ ಹೊತ್ತ ಎರಡು ಗಟ್ಟಿಮುಟ್ಟು ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ, ಎರಡು ಮೌನವಾಗಿ ಹೊತ್ತು ಮುಂದೆ ಸಾಗಿಸುತ್ತವೆ. ರಕ್ತಸಂಬಂಧದೊಳಗೆ ಕೂಡಿಸಿದಷ್ಟೂ ಇಂಥ ಎರಡು ಸೇರುವ ಸಂಭವ ಹೆಚ್ಚು. ಕುರಿ ಸಾಕುವವರಿಗೆ ಇದು ಹೊಸದಲ್ಲ. ತನ್ನದೇ ಮಕ್ಕಳ ಮೇಲೆ ಹಾಯದಂತೆ ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಬೇಕೆಂಬುದು ಕುರಿ ಸಾಕಣೆಯ ಮೊದಲ ಪಾಠ. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ಬಣ್ಣ, ತಲೆಯ ಗಾತ್ರ, ಬೆಲೆ ಮುಂದೆ ಬರುತ್ತವೆ. ಭಾರತದ ಕೆನಲ್ ಕ್ಲಬ್ಬಿನ ಕಾಗದದಲ್ಲಿ ವಂಶದ ಹೆಸರುಗಳಿರುತ್ತವೆ, ಕಾಯಿಲೆಗಳಿರುವುದಿಲ್ಲ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮಾರಾಟಕ್ಕೆ ಮರಿ ಮಾಡುವವರು ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು. ಇದನ್ನು ಕೇಳಿ ಕೊಳ್ಳುವ ಗಿರಾಕಿ ಇನ್ನೂ ಕಡಿಮೆ.

ಮುಧೋಳದ ಬಗ್ಗೆ ನನಗೆ ಹೆಚ್ಚು ಕಾಳಜಿ. ಘೋರ್ಪಡೆ ರಾಜರು ಸಾಕಿ ಬೆಳೆಸಿದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು, 2020ರ ಆಗಸ್ಟಿನ ‘ಮನ್ ಕೀ ಬಾತ್’ ಭಾಷಣದಲ್ಲಿ ಪ್ರಧಾನಿ ಹೆಸರು ಹೇಳಿದ ಮೇಲೆ ಎಲ್ಲರ ಬಾಯಲ್ಲೂ ಇರುವಂಥದ್ದು. ಬೇಡಿಕೆ ಏರಿದಾಗ ಕೆಲವೇ ಹೆಸರಾಂತ ಗಂಡುಗಳಿಂದ ಮರಿ ಮಾಡಿಸುವ ಆಸೆಯೂ ಏರುತ್ತದೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಮುಧೋಳದ ಬಳಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಹೋದ ಮರಿಗಳ ಆರೋಗ್ಯದ ಸುದ್ದಿ ಅಲ್ಲಿಗೇ ಮರಳುವ ವ್ಯವಸ್ಥೆ ಈ ತಳಿಗೆ ಎಲ್ಲಕ್ಕಿಂತ ದೊಡ್ಡ ಲಸಿಕೆಯಾದೀತು. ಗ್ರೇಹೌಂಡ್ ಬಳಗದ ನಾಯಿಗಳಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಸಹಜವಾಗಿಯೇ ಕಡಿಮೆಯಿರುತ್ತವೆ. ಅದೇ ಬಳಗದ ಮುಧೋಳಕ್ಕೂ ತನ್ನದೇ ರಕ್ತದ ಮಾನದಂಡ ಬೇಕು, ಲ್ಯಾಬ್ರಡಾರ್‌ನ ಅಳತೆಯಿಂದ ಅದನ್ನು ರೋಗಿ ಎನ್ನಲಾಗದು.

ಮರಿ ಕೊಳ್ಳುವವರಲ್ಲಿ ನನ್ನ ವಿನಂತಿ ಇದು: ತಾಯಿಯನ್ನು ಕ‌ಣ್ಣಾರೆ ನೋಡಿ, ಹಿಂದಿನ ಸೂಲಿನ ಮರಿಗಳು ಏನಾದವು ಎಂದು ಕೇಳಿ, ನಿಮ್ಮ ಮರಿಗೆ ಮೈತುಂಬ ಕಜ್ಜಿಯೋ ಮರುಕಳಿಸುವ ಸೋಂಕೋ ಬಂದರೆ ಮಾರಿದವರಿಗೂ ಉಳಿದ ಮರಿಗಳನ್ನು ಕೊಂಡವರಿಗೂ ತಿಳಿಸಿ. ಮರಿ ಮಾಡಿಸುವವರೇ, ಅಂಥ ಸುದ್ದಿ ಒಂದು ಸಲ ಬಂದರೂ ಸಾಕು, ಆ ಜೋಡಿಯನ್ನು ಮತ್ತೆ ಕೂಡಿಸಬೇಡಿ.